ಆಶ್ರಯದ ಅರ್ಜಿ, ಸರಕಾರದ ಶುಲ್ಕ, ದಲ್ಲಾಳಿಯ ಲೆಕ್ಕ

(ನೈರೋಬಿಯಲ್ಲಿ ಶುಕ್ರವಾರ ಸಂಜೆ ನಡೆದ ನಮ್ಮ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಇವತ್ತಿನ ವಿಷಯ ಕೇಳಿ ಕೆಲವರು ನಕ್ಕಿದ್ದೀರಿ. ನಮಗೂ ಆಶ್ರಯದ ಅರ್ಜಿಗೂ ಎಂತ ಸಂಬಂಧ, ನಾವು ಕೆಲಸಕ್ಕೆ ಬಂದವರು, ಪರ್ಮಿಟ್ ಉಂಟು, ರಜೆ ಸಿಕ್ಕಿದಾಗ ಊರಿಗೆ ಹೋಗಿ ಬರ್ತೇವೆ ಅಂತ. ಅದು ಸರಿಯೇ. ಆದರೆ ಈಚೆಗೆ ನಮ್ಮ ಹತ್ತಿರ ಕಾಗದ ಹಿಡಿದುಕೊಂಡು ಬಂದವರನ್ನು ನೋಡಿದರೆ ಎರಡು ತರದವರಿದ್ದಾರೆ. ಒಂದು, ನಮ್ಮ ಜೊತೆ ಗೋದಾಮುಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ಸೊಮಾಲಿ, ಕಾಂಗೋ, ಎರಿಟ್ರಿಯಾದ ಮಂದಿ. ಇನ್ನೊಂದು, ನಮ್ಮದೇ ಊರಿನ ಹುಡುಗರು. ಅವರು ಗಲ್ಫಿನಿಂದ ಫೋನ್ ಮಾಡ್ತಾರೆ. ‘ಕಾಕಾ, ಅಮೆರಿಕದಲ್ಲಿ ಅಸೈಲಂ ಹಾಕಿದ್ರೆ ಸರಕಾರಕ್ಕೆ ಎಷ್ಟು ಕಟ್ಟಬೇಕು? ಏಜೆಂಟ್ ಸರಕಾರಿ ಫೀಸೇ ಎರಡೂವರೆ ಲಕ್ಷ ಅಂತಾನೆ.’

ನಾವು ವಕೀಲರಲ್ಲ, ಬಿ.ಕಾಂ. ಓದಿ ಲೆಕ್ಕ ಬರೆಯುವವರು. ಯಾರ ಅರ್ಜಿ ನ್ಯಾಯವಾದದ್ದು, ಯಾರದ್ದು ಅಲ್ಲ ಎಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಹಣ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅಂತ ನೋಡಲು ಬರ್ತದೆ. ಅಷ್ಟನ್ನೇ ಮಾತಾಡುವ.

ಮೊದಲು ನಾವಿರುವ ದೇಶದ್ದು. ಕೀನ್ಯಾದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಮತ್ತು ಆಶ್ರಯ ಕೇಳಿದವರು ಇದ್ದಾರೆ. ಹೆಚ್ಚಿನವರು 1991ರಲ್ಲಿ ಶುರುವಾದ ದಾದಾಬ್ ಶಿಬಿರದಲ್ಲಿ ಮತ್ತು ಮರುವರ್ಷ ಶುರುವಾದ ಕಾಕುಮಾದಲ್ಲಿ. ನೈರೋಬಿಯಲ್ಲಿ ಇರುವವರನ್ನು ನೋಡಬೇಕಾದರೆ ಈಸ್ಟ್‌ಲಿಗೆ ಹೋದರೆ ಸಾಕು. ಇವರ ವಿಷಯವೆಲ್ಲ 2021ರ ನಿರಾಶ್ರಿತರ ಕಾಯ್ದೆಯ ಕೆಳಗೆ ಬರ್ತದೆ. ನೋಡಿಕೊಳ್ಳುವುದು ಸರಕಾರದ ನಿರಾಶ್ರಿತ ಸೇವೆಗಳ ಇಲಾಖೆ. ಮೊದಲು ಹೆಸರು ನೋಂದಾಯಿಸುತ್ತಾರೆ, ಬೆರಳಚ್ಚು ತೆಗೆಯುತ್ತಾರೆ, ಆಶ್ರಯ ಕೇಳಿದ್ದಾರೆ ಎನ್ನುವುದಕ್ಕೆ ಒಂದು ಕಾಗದ ಕೊಡ್ತಾರೆ. ಆಮೇಲೆ ಸಂದರ್ಶನ. ಆಮೇಲೆ ತೀರ್ಮಾನ. ಮಂಜೂರಾದರೆ ನಿರಾಶ್ರಿತರ ಗುರುತಿನ ಚೀಟಿ. ಈ ನಡುವಿನ ಕಾಯುವ ಕಾಲ ಉಂಟಲ್ಲ, ಅದು ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷಗಳು.

ಇಷ್ಟಕ್ಕೆಲ್ಲ ಸರಕಾರಿ ಶುಲ್ಕ ಎಷ್ಟು? ಸೊನ್ನೆ. ನೋಂದಣಿಗೆ ಸೊನ್ನೆ, ಸಂದರ್ಶನಕ್ಕೆ ಸೊನ್ನೆ. ನಿರಾಶ್ರಿತನೆಂದು ಒಪ್ಪಿಗೆಯಾದವನು ಕೆಲಸಕ್ಕೆ ಸೇರಲು ಕೇಳುವ ಕ್ಲಾಸ್ ಎಂ ಪರ್ಮಿಟ್‌ಗೂ ಸೊನ್ನೆ. ನಮ್ಮ ಕ್ಲಾಸ್ ಡಿ ಪರ್ಮಿಟ್‌ಗೆ ಕಂಪೆನಿ ಲಕ್ಷಗಟ್ಟಲೆ ಶಿಲ್ಲಿಂಗ್ ಕಟ್ಟುವುದನ್ನು ನೋಡಿ ನೋಡಿ ನಮಗೆ ಸರಕಾರ ಅಂದ್ರೆ ಫೀಸು ಅಂತ ಆಗಿಬಿಟ್ಟಿದೆ. ಅದಕ್ಕೇ ಯಾರಾದರೂ ‘ಆಶ್ರಯಕ್ಕೆ ಮೂವತ್ತು ಸಾವಿರ ಶಿಲ್ಲಿಂಗ್ ಫೀಸ್’ ಅಂದಾಗ ಹೌದಿರಬಹುದು ಅನ್ನಿಸ್ತದೆ. ಅಲ್ಲ.

ಆಶ್ರಯ ಕೇಳುವವನ ಕೈಯಲ್ಲಿ ಹಣ ಇರುವುದಿಲ್ಲ ಎನ್ನುವುದು ಹಳೆಯ ತಿಳಿವಳಿಕೆ. ನಮ್ಮ ಪಕ್ಕದ ಇಥಿಯೋಪಿಯಾ, ಎರಿಟ್ರಿಯಾ ಸೇರಿದ ನೆಲವೇ ಅಂದಿನ ಹಬಶ. ಮಕ್ಕಾದಿಂದ ಓಡಿ ಬಂದ ಸಹಾಬಿಗಳಿಗೆ ನಜ್ಜಾಶಿ ರಾಜ ಇರಲು ಜಾಗ ಕೊಟ್ಟದ್ದು ಮದ್ರಸದಲ್ಲಿ ಎಲ್ಲರೂ ಕಲಿತದ್ದೇ. ಆ ಕಥೆಯಲ್ಲಿ ಹಣದ ವಿಷಯವೂ ಉಂಟು. ಅವರನ್ನು ವಾಪಸು ಕೊಡಿ ಎಂದು ಕೇಳಲು ಕುರೈಶಿಗಳು ಉಡುಗೊರೆ ಹೊರಿಸಿಕೊಂಡು ಬಂದಿದ್ದರು. ರಾಜ ಎರಡೂ ಕಡೆಯ ಮಾತು ಕೇಳಿ ಉಡುಗೊರೆಯನ್ನು ಹಿಂದಕ್ಕೆ ಕೊಟ್ಟ.

ಇನ್ನು ಇಲ್ಲಿ ಹಣ ಕಟ್ಟುವ ರೀತಿ. ಇದು ಪರ್ಮಿಟ್ ಇರುವ ನಮಗೂ ಬೇಕಾದದ್ದು. ಕೀನ್ಯಾ ಸರಕಾರದ ಸೇವೆಗಳಿಗೆ ಹಣ ಕಟ್ಟುವುದು ಇ-ಸಿಟಿಜನ್ ಮೂಲಕ. ಎಂ-ಪೆಸಾದಲ್ಲಾದರೆ 2023ರಿಂದ ಎಲ್ಲದಕ್ಕೂ ಒಂದೇ ಪೇಬಿಲ್ ನಂಬರ್, 222222. ಆರು ಎರಡುಗಳು, ಮರೆಯಲಿಕ್ಕೆ ಸಾಧ್ಯವಿಲ್ಲ. ಆದರೆ ಮುಖ್ಯವಾದದ್ದು ಅದರ ಕೆಳಗೆ ಹಾಕುವ ಅಕೌಂಟ್ ನಂಬರ್. ಅದು ನಿಮ್ಮ ಅರ್ಜಿಯ ಬಿಲ್ ತಯಾರಾದಾಗ ಹುಟ್ಟುವ ಸಂಖ್ಯೆ. ಬಿಲ್ ಹುಟ್ಟದೆ ಆ ಸಂಖ್ಯೆ ಇಲ್ಲ, ಆ ಸಂಖ್ಯೆ ಇಲ್ಲದೆ ಹಣ ಸರಕಾರದಲ್ಲಿ ನಿಮ್ಮ ಹೆಸರಿಗೆ ಜಮೆ ಆಗುವುದಿಲ್ಲ. ಆಶ್ರಯದ ಅರ್ಜಿಗೆ ಬಿಲ್ಲೇ ಹುಟ್ಟುವುದಿಲ್ಲ. ಹಾಗಾದರೆ ಆ ಮೂವತ್ತು ಸಾವಿರ ಎಲ್ಲಿಗೆ ಕಟ್ಟಿಸುತ್ತಾರೆ? ಫೋನ್ ತೆಗೆದು ಎಂ-ಪೆಸಾ ಮೆಸೇಜ್ ನೋಡಿ. ಒಬ್ಬ ಮನುಷ್ಯನ ಹೆಸರು ಇರ್ತದೆ. ಇಲ್ಲಿಯವರು ಇದಕ್ಕೆ ‘ಚಾಯ್’ ಅಂತಾರೆ, ‘ಕಿಟು ಕಿಡೋಗೊ’ ಅಂತಾರೆ, ಅಂದ್ರೆ ಏನೋ ಒಂದು ಚೂರು. ನಮ್ಮ ಊರಿನ ‘ಚಾ-ತಿಂಡಿ ಖರ್ಚು’ ಇದ್ದ ಹಾಗೆ. ಭಾಷೆ ಬೇರೆ, ಕಿಸೆ ಒಂದೇ.

ಹಾಗಂತ ಅವರಿಗೆ ಖರ್ಚೇ ಇಲ್ಲ ಅಂತ ನಾವು ಹೇಳುವುದಿಲ್ಲ. ಮಟಾಟು ಬಾಡಿಗೆ, ಸೈಬರಿನಲ್ಲಿ ಪ್ರಿಂಟ್, ಫೋಟೊ, ‘ನಾಳೆ ಬಾ’ ಅಂದ ದಿನದ ಕೂಲಿ ನಷ್ಟ. ಶಿಬಿರದಿಂದ ಹೊರಗೆ ಬರಲು ಪಾಸ್ ಕೇಳಿ ಕಾಯುವ ದಿನಗಳು ಬೇರೆ. ಅದನ್ನೆಲ್ಲ ಕೂಡಿಸಿದರೆ ಸೊನ್ನೆ ಶುಲ್ಕದ ಅರ್ಜಿಯೂ ಬಡವನಿಗೆ ದುಬಾರಿಯೇ. ದಲ್ಲಾಳಿ ನಿಲ್ಲುವುದು ಈ ಸುಸ್ತಿನ ಬಾಗಿಲಲ್ಲಿ.

ಈ ವ್ಯಾಪಾರ ಹೊಸದಲ್ಲ. ಇದೇ ನೈರೋಬಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಹೆಸರಿನಲ್ಲಿ ನಡೆದ ಹಗರಣವನ್ನು 2001ರಲ್ಲಿ ವಿಶ್ವಸಂಸ್ಥೆಯ ಆಂತರಿಕ ತನಿಖಾ ವಿಭಾಗವೇ ಬಯಲಿಗೆ ತಂದಿತು. ಅಮೆರಿಕ, ಕೆನಡಾಗಳಿಗೆ ಕಳುಹಿಸುವ ಪಟ್ಟಿಯಲ್ಲಿ ಹೆಸರು ಸೇರಿಸಲು ನಿರಾಶ್ರಿತರಿಂದ ತಲೆಗೆ ಸಾವಿರಾರು ಡಾಲರ್ ವಸೂಲಿ ಮಾಡುತ್ತಿದ್ದರು. ಅದೂ ಪೂರ್ತಿ ಉಚಿತವಾದ ಸೇವೆ. ಹಣ ಕೊಡಲಾಗದವರ ಸರದಿ ಹಿಂದೆ ಬಿತ್ತು. ವಿಶ್ವಸಂಸ್ಥೆಯ ಕಾಗದಗಳ ಮೇಲೆ ‘ಈ ಸೇವೆ ಉಚಿತ’ ಎಂದು ದೊಡ್ಡದಾಗಿ ಬರೆದಿರುವುದಕ್ಕೆ ಇಂಥ ಅನುಭವಗಳೇ ಕಾರಣ ಅಂತ ನಮಗೆ ಅನ್ನಿಸ್ತದೆ.

ಈಗ ಅಮೆರಿಕದ್ದು. ಇಲ್ಲಿ ಲೆಕ್ಕ ತಿರುಗಿತು. 2025ರ ಮೊದಲು ಅಮೆರಿಕದಲ್ಲೂ ಆಶ್ರಯದ ಅರ್ಜಿಗೆ ಹಣ ಇರಲಿಲ್ಲ. 2020ರಲ್ಲಿ ಐವತ್ತು ಡಾಲರ್ ಹಾಕಲು ಹೊರಟದ್ದನ್ನು ನ್ಯಾಯಾಲಯ ತಡೆದಿತ್ತು. 2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾಯ್ದೆಯಲ್ಲಿ ಅದನ್ನು ಕಾನೂನೇ ಮಾಡಿದರು. ಅರ್ಜಿ ಹಾಕುವಾಗ 100 ಡಾಲರ್. ಅದು ಇತ್ಯರ್ಥವಾಗದೆ ಬಾಕಿ ಇರುವ ಒಂದೊಂದು ವರ್ಷಕ್ಕೂ 2025ರಲ್ಲಿ ಮತ್ತೆ 100 ಡಾಲರ್ ಇತ್ತು. ಮೊದಲ ಸಲದ ಕೆಲಸದ ಪರವಾನಗಿ ಉಚಿತವಿತ್ತು, 2025ರಲ್ಲಿ ಅದಕ್ಕೆ 550 ಡಾಲರ್ ಆಯಿತು. ಬಡವ ಎಂದು ಮಾಫಿ ಕೇಳಲಿಕ್ಕೂ ಇಲ್ಲ.

ನೂರು ಡಾಲರ್ ಅಂದ್ರೆ ಇಲ್ಲಿಯ ಸುಮಾರು ಹದಿಮೂರು ಸಾವಿರ ಶಿಲ್ಲಿಂಗ್. ದೊಡ್ಡದಲ್ಲ ಅನ್ನಬಹುದು. ಲೆಕ್ಕದವರ ಕಣ್ಣಿಗೆ ವಿಚಿತ್ರವಾಗಿ ಕಾಣುವುದು ಮೊತ್ತವಲ್ಲ. ಶುಲ್ಕ ಅಂದ್ರೆ ಒಂದು ಕೆಲಸ ಮಾಡಿಕೊಟ್ಟದ್ದಕ್ಕೆ ಕೊಡುವುದು. ಪಾಸ್‌ಪೋರ್ಟ್‌ಗೆ ಕಟ್ಟಿದರೆ ಪಾಸ್‌ಪೋರ್ಟ್ ಸಿಗ್ತದೆ. ಇಲ್ಲಿ ಕೆಲಸ ಆಗದೆ ಉಳಿದದ್ದಕ್ಕೆ ವರ್ಷ ವರ್ಷ ಕಟ್ಟಬೇಕು, ತಡ ಮಾಡುವವರು ಅವರು, ಕಟ್ಟುವವನು ಕಾಯುವವನು. ಅಲ್ಲಿ ಬಾಕಿ ಇರುವ ಆಶ್ರಯದ ಅರ್ಜಿಗಳು ಹತ್ತು ಲಕ್ಷಕ್ಕೂ ಹೆಚ್ಚು. ಕಟ್ಟಿದರೆ ಅರ್ಜಿ ಮುಂದೆ ಓಡುವುದಿಲ್ಲ, ಕಟ್ಟದಿದ್ದರೆ ಬಿದ್ದುಹೋಗುವ ಭಯ. ಇದನ್ನು ಸರಿ ಅಂತ ನಮಗೆ ಹೇಳಲಿಕ್ಕೆ ಬರುವುದಿಲ್ಲ.

ನಮ್ಮ ಗೋದಾಮಿನ ಒಬ್ಬ ಸೊಮಾಲಿ ಸಹೋದರನ ತಮ್ಮ ಮಿನಿಯಾಪೊಲಿಸ್‌ನಲ್ಲಿದ್ದಾನೆ, ಅರ್ಜಿ ಬಾಕಿ. 2025ರ ಅಕ್ಟೋಬರಿನಲ್ಲಿ ಅವನಿಗೆ ನೋಟಿಸ್ ಬಂತು. ಇಂಗ್ಲಿಷ್ ಅರ್ಥವಾಗದೆ ಫೋಟೊ ತೆಗೆದು ಅಣ್ಣನಿಗೆ ಕಳಿಸಿದ. ಈಸ್ಟ್‌ಲಿಯಲ್ಲಿ ಇಂಥ ಕಾಗದ ಓದಿಕೊಡುವ ಒಬ್ಬ ‘ಆಫೀಸಿನವ’ 400 ಡಾಲರ್ ಕೇಳಿದ, ‘ಎಲ್ಲ ಸರಕಾರಿ ಫೀಸು, ಮೂವತ್ತು ದಿನದೊಳಗೆ ಕಟ್ಟದಿದ್ದರೆ ತಮ್ಮನನ್ನು ವಿಮಾನ ಹತ್ತಿಸ್ತಾರೆ’ ಅಂದ. ಆ ಅಣ್ಣನ ಎರಡು ತಿಂಗಳ ಸಂಬಳ ಅದು. ಸಂಬಳ ಮುಂಗಡ ಕೊಡಿ ಅಂತ ನಮ್ಮ ಮೇಜಿನ ಹತ್ತಿರ ಬಂದದ್ದರಿಂದ ವಿಷಯ ಗೊತ್ತಾಯಿತು.

ಕಾಗದ ಓದಿದೆವು. ಮೂವತ್ತು ದಿನ ನಿಜ, ನೂರು ಡಾಲರ್ ನಿಜ. ಉಳಿದ ಮುನ್ನೂರು ಆ ಆಫೀಸಿನದ್ದು. ಅವನು ಮೊದಲೇ ಒಬ್ಬರಿಗೆ ಕೊಟ್ಟಿದ್ದ ರಸೀದಿ ನೋಡಿದೆವು, ಚಂದದ ಸೀಲ್ ಉಂಟು, ಆದರೆ ಎ-ನಂಬರ್ ಇಲ್ಲ. ಎ-ನಂಬರ್ ಅಂದ್ರೆ ಅಮೆರಿಕದ ವಲಸೆ ಕಡತದಲ್ಲಿ ಒಬ್ಬೊಬ್ಬನಿಗೂ ಇರುವ ಸಂಖ್ಯೆ. ಅದಿಲ್ಲದ ರಸೀದಿ ಯಾರ ಖಾತೆಗೂ ಸೇರದ ರಸೀದಿ. ಇನ್ನೊಂದು ತೊಡಕು, ಅಲ್ಲಿ ಕಟ್ಟುವ ಜಾಗ ಎರಡು. ಅರ್ಜಿ ವಲಸೆ ಸೇವೆಗಳ ಇಲಾಖೆಯಲ್ಲಿ ಇದ್ದರೆ ಅವರ ಜಾಲತಾಣದಲ್ಲಿ, ವಲಸೆ ನ್ಯಾಯಾಲಯದಲ್ಲಿ ಇದ್ದರೆ ನ್ಯಾಯಾಲಯದ ಜಾಲತಾಣದಲ್ಲಿ. ನೋಟಿಸಿನ ತಲೆಯಲ್ಲಿ ಯಾವ ಕಚೇರಿ ಎಂದು ಬರೆದಿರ್ತದೆ, ಮೊದಲು ಅದನ್ನೇ ನೋಡಬೇಕು. ಆ ತಮ್ಮ ತನ್ನ ಗೆಳೆಯನ ಕಾರ್ಡಿನಿಂದ ತಾನೇ ಕಟ್ಟಿದ, ನಾವು ಇಲ್ಲಿಂದ ವೀಡಿಯೊ ಕಾಲಿನಲ್ಲಿ ಒಂದೊಂದು ಅಂಕಿ ಓದಿಸಿದೆವು. ರಸೀದಿ ಮೂರು ಕಡೆ ಉಳಿಸಿದ್ದೇವೆ.

ಇಷ್ಟಾದ ಮೇಲೆ ಅದೇ ಅಕ್ಟೋಬರ್ ಕೊನೆಗೆ ಮೇರಿಲ್ಯಾಂಡಿನ ಒಂದು ಫೆಡರಲ್ ನ್ಯಾಯಾಲಯ ಈ ವಾರ್ಷಿಕ ಶುಲ್ಕಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಆಶ್ರಯ ಕೇಳಿದವರದ್ದೇ ಒಂದು ಸಂಘಟನೆ ಹೂಡಿದ ಮೊಕದ್ದಮೆ. ಹಾಗಾಗಿ ಕಟ್ಟುವ ದಿನ ಅಧಿಕೃತ ಪುಟ ತೆರೆದು ನೋಡಿಯೇ ಕಟ್ಟಬೇಕು. ನಮ್ಮ ಈ ಭಾಷಣವನ್ನು ವಾಟ್ಸಾಪಿನಲ್ಲಿ ಕಳಿಸಿ ‘ಇದೇ ನಿಯಮ’ ಅಂತ ಹೇಳಬೇಡಿ, ದಯವಿಟ್ಟು.

ಇನ್ನು ನಮ್ಮ ಹುಡುಗರ ವಿಷಯ. 2023ರ ಡಿಸೆಂಬರಿನಲ್ಲಿ ಯುಎಇಯ ಫುಜೈರಾದಿಂದ ನಿಕರಾಗುವಾಕ್ಕೆ ಹೊರಟ ಒಂದು ವಿಮಾನವನ್ನು ಫ್ರಾನ್ಸಿನಲ್ಲಿ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. 303 ಜನ, ಹೆಚ್ಚಿನವರು ಭಾರತೀಯರು. 276 ಜನ ಮುಂಬೈಗೆ ವಾಪಸು, ಕೆಲವರು ಅಲ್ಲಿಯೇ ಆಶ್ರಯ ಕೇಳಿದರು. 2025ರ ಫೆಬ್ರವರಿಯಲ್ಲಿ 104 ಜನ ಅಮೆರಿಕದ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ಬಂದು ಇಳಿದರು. ನಮ್ಮ ಕರಾವಳಿಯವರು ಈ ದಾರಿ ಹಿಡಿಯುವುದಿಲ್ಲ ಎಂದು ನಾವು ಎಣಿಸಿದ್ದೆವು. ಈಗ ಫೋನ್ ಬರ್ತಾ ಉಂಟು.

ಬಂಟ್ವಾಳ ಕಡೆಯ ಒಬ್ಬ ಹುಡುಗ, ಗಲ್ಫಿನಲ್ಲಿ ಡ್ರೈವರ್, ಕಂಪೆನಿ ಮುಚ್ಚಿತು. ಏಜೆಂಟನ ಪಟ್ಟಿಯಲ್ಲಿ ‘ಅಸೈಲಂ ಸರಕಾರಿ ಶುಲ್ಕ: 2,50,000 ರೂಪಾಯಿ’ ಅಂತ ಪ್ರತ್ಯೇಕ ಸಾಲೇ ಇತ್ತು. ಉಮ್ಮನ ಬಳೆ ಸೊಸೈಟಿಯಲ್ಲಿ ಅಡವಿಟ್ಟಾಗಿತ್ತು. ಅವನಿಗೆ ನಾವು ಕೇಳಿದ್ದು ಎರಡೇ ಪ್ರಶ್ನೆ. ಊರಿನಲ್ಲಿ ನಿನ್ನ ಜೀವಕ್ಕೆ ಅಪಾಯ ಉಂಟಾ? ಇಲ್ಲ ಅಂದ. ತಂಗಿಯ ಮದುವೆಗೆ ಊರಿಗೆ ಹೋಗಬೇಕಾ? ಹೋಗಲೇಬೇಕು ಕಾಕಾ ಅಂದ. ನನ್ನ ದೇಶ ನನ್ನನ್ನು ಕಾಯುವುದಿಲ್ಲ ಎಂದು ಬರೆದುಕೊಟ್ಟವನು ಅದೇ ದೇಶದ ಪಾಸ್‌ಪೋರ್ಟಿನಲ್ಲಿ ಮದುವೆಗೆ ಹೋಗಿ ಬಂದರೆ ಅರ್ಜಿ ಅಲ್ಲಿಗೇ ಮುಗಿಯಿತು. ಆ ಸಾಲಿನ ಎರಡೂವರೆ ಲಕ್ಷದಲ್ಲಿ ಸರಕಾರಕ್ಕೆ ಹೋಗುವುದು ಒಂಬತ್ತು ಸಾವಿರದ ಆಸುಪಾಸು ಅಂತ ಲೆಕ್ಕ ಬರೆದು ಕಳಿಸಿದೆವು. ಅವನು ಸದ್ಯ ಹೊರಟಿಲ್ಲ. ಬಳೆ ಇನ್ನೂ ಬಿಡಿಸಿಲ್ಲ. ಕೆಲಸ ಹುಡುಕುತ್ತಿದ್ದಾನೆ, ಯಾರಿಗಾದರೂ ಡ್ರೈವರ್ ಬೇಕಿದ್ದರೆ ಸಭೆ ಮುಗಿದ ಮೇಲೆ ಹೇಳಿ.

ನಿಜವಾಗಿ ಜೀವಭಯ ಇರುವವರು ನಮ್ಮಲ್ಲೂ ಇರಬಹುದು. ಅಂಥವರು ಕೇಳಲಿ, ಅದು ಅವರ ಹಕ್ಕು, ನಾಚಿಕೆಯ ವಿಷಯವೂ ಅಲ್ಲ. ಆದರೆ ಏಜೆಂಟ್ ಬರೆದುಕೊಟ್ಟ ಕಥೆಯಿಂದ ಬೇಡ. ಸುಳ್ಳು ಕಥೆಯ ಅರ್ಜಿಗಳು ಹೆಚ್ಚಾದಷ್ಟೂ ಆ ಸೊಮಾಲಿ ತಮ್ಮನಂಥವರ ಸರದಿ ಹಿಂದೆ ಹೋಗ್ತದೆ, ಈಗಂತೂ ಹಿಂದೆ ಹೋದ ಒಂದೊಂದು ವರ್ಷಕ್ಕೂ ಅವರು ಹಣ ಕಟ್ಟಬೇಕಾದೀತು.

ನಿಮ್ಮ ಅಂಗಡಿ, ಗೋದಾಮಿನಲ್ಲಿ ಇಂಥ ಕಾಗದ ಇಟ್ಟುಕೊಂಡವರಿದ್ದರೆ ಹಣ ಕೊಡುವ ಮೊದಲು ಕರೆದುಕೊಂಡು ಬನ್ನಿ. ನೋಟಿಸಿನ ಎಲ್ಲ ಪುಟ ಇರಲಿ, ಎರಡನೇ ಪುಟ ಮನೆಯಲ್ಲಿ ಬಿಟ್ಟು ಬರುವವರು ಜಾಸ್ತಿ. ಈಗಾಗಲೇ ಕೊಟ್ಟಿದ್ದರೆ ಎಂ-ಪೆಸಾ ಮೆಸೇಜ್ ಅಳಿಸಬೇಡಿ. ಶುಕ್ರವಾರ ಅಸರ್ ನಂತರ ನಾವು ಇಲ್ಲಿಯೇ ಇರ್ತೇವೆ, ಓದಿಕೊಡಲು ಹಣ ಇಲ್ಲ, ಚಹಾ ನಮ್ಮದೇ.