ನಮ್ಮವ್ವನ ಹೆಸರು ಶಾಲೆಯ ಗೋಡೆಯ ಮೇಲೆ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮನ್ನು ಇಲ್ಲಿಗೆ ಕರೆದವರು ಒಂದು ಪದ್ಯ ಓದಿ ಅಂದರು. ಪದ್ಯ ಇನ್ನೊಂದು ದಿನ ಓದೋಣ. ಇವತ್ತು ನಾವು ಒಂದು ಗೋಡೆಯ ಮೇಲೆ ಓದಿದ್ದನ್ನು ನಿಮಗೆ ಹೇಳಬೇಕಾಗಿದೆ.

ಪಿಯುಸಿಗೆ ಸೇರುವಾಗ ಹಾಸ್ಟೆಲ್ ಅರ್ಜಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಾಗಿತ್ತು. ನಾವು ಓದಿದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದೆವು. ಹೆಡ್ ಮೇಷ್ಟ್ರು ಹಳೇ ರಿಜಿಸ್ಟರು ಹುಡುಕುತ್ತಿದ್ದರು. ಕೂತ್ಕೋ ಅಂತ ಯಾರೂ ಹೇಳಲಿಲ್ಲ, ನಿಂತೇ ಇದ್ದೆವು. ನಿಂತವರು ಗೋಡೆ ನೋಡಬೇಕಲ್ಲ, ನೋಡಿದೆವು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂದು ಬಣ್ಣದಲ್ಲಿ ಬರೆದು ಕೆಳಗೆ ಹೆಸರುಗಳನ್ನು ಬರೆದಿದ್ದರು. ಹಳೇ ಸಮಿತಿಯ ಪಟ್ಟಿ, ಇನ್ನೂ ಅಳಿಸಿರಲಿಲ್ಲ. ಅಧ್ಯಕ್ಷರು ಊರ ದೊಡ್ಡ ಮನೆಯವರು. ಏಳನೇ ಹೆಸರು ನಮ್ಮವ್ವನದು.

ಸಾಯಂಕಾಲ ಅವ್ವ ಕೂಲಿ ಮುಗಿಸಿಕೊಂಡು ಬಂದಳು. ಹೇಳಿದೆವು. ಮೊದಲು ನಕ್ಕಳು. 'ನನ್ ಹೆಸ್ರು ಗೋಡೆ ಮ್ಯಾಲೈತಾ? ಯಾವ್ದೋ ಅಕ್ಕಿ ಲೆಕ್ಕ ಅಂತ ಹೆಬ್ಬೆಟ್ಟು ಒತ್ತಿಸ್ಕಂಡಿದ್ರು ಕಣಪ್ಪ' ಅಂದಳು. ಆಮೇಲೆ ಸುಮ್ಮನಾದಳು. ಒಲೆ ಮುಂದೆ ಕೂತು ಬಹಳ ಹೊತ್ತಿನ ಮೇಲೆ ಕೇಳಿದಳು: 'ಹಂಗಾದ್ರೆ ನಿನ್ ತಂಗೀನ ಊಟಕ್ಕೆ ಬ್ಯಾರೆ ಸಾಲಲ್ಲಿ ಕೂರಿಸ್ತಿದ್ದಾಗ ನಾನು ಆ ಕಮಿಟೀಲಿದ್ನಾ?'

ಇದ್ದಳು ಗೆಳೆಯರೇ. ನಮ್ಮವ್ವ ಮೂರು ವರ್ಷ ಆ ಸಮಿತಿಯ ಸದಸ್ಯೆಯಾಗಿದ್ದಳು. ಸರ್ಕಾರದ ಕಾಗದಕ್ಕೆ ಅದು ಗೊತ್ತಿತ್ತು. ಗೋಡೆಗೆ ಗೊತ್ತಿತ್ತು. ನಮ್ಮವ್ವನಿಗೆ ಮಾತ್ರ ಗೊತ್ತಿರಲಿಲ್ಲ. ತಂಗಿಯನ್ನು ಬಿಸಿಯೂಟದಲ್ಲಿ ಬೇರೆ ಕೂರಿಸುತ್ತಿದ್ದ ಸಂಗತಿ ಕೂಡ ಅವಳಿಗೆ ಎರಡು ವರ್ಷ ಗೊತ್ತಿರಲಿಲ್ಲ. ತಂಗಿ ಹೇಳಿರಲಿಲ್ಲ. ಹೇಳಿದರೆ ಅಪ್ಪ ಶಾಲೆಗೆ ಹೋಗಿ ಬೈಸಿಕೊಂಡು ಬರುತ್ತಾನೆ ಅಂತ ಆ ಮಗುವಿಗೆ ಗೊತ್ತಿತ್ತು. ನಮ್ಮ ಮಕ್ಕಳು ಅಕ್ಷರ ಕಲಿಯೋಕ್ಕಿಂತ ಮುಂಚೆ ಇದನ್ನು ಕಲಿತುಬಿಡುತ್ತಾರೆ.

ಸುದ್ದಿ ಅನ್ನೋದು ಯಾರ ಆಸ್ತಿ, ಸ್ವಲ್ಪ ಯೋಚನೆ ಮಾಡೋಣ. ಊರಿಗೆಲ್ಲ ಸುದ್ದಿ ಸಾರಿದವರು ನಮ್ಮ ತಾತ ಮುತ್ತಾತಂದಿರು. ಕಂದಾಯ ಕಟ್ಟಿ ಅಂತ ತಮಟೆ ಹೊಡೆದವರು ನಾವು. ಜಾತ್ರೆ ಬಂತು, ಅಮಲ್ದಾರರು ಬಂದರು ಅಂತ ಬೀದಿ ಬೀದಿ ಕೂಗಿದವರು ನಾವು. ಸತ್ತ ಸುದ್ದಿ ಹೊತ್ತುಕೊಂಡು ರಾತ್ರೋರಾತ್ರಿ ಹತ್ತು ಊರು ನಡೆದವರು ನಾವು. ಎಲ್ಲರ ಸುದ್ದಿಯೂ ನಮ್ಮ ಹೆಗಲ ಮೇಲೇ ಹೋಯಿತು. ನಮ್ಮ ಮಕ್ಕಳು ಶಾಲೆಯಲ್ಲಿ ಎಲ್ಲಿ ಕೂರುತ್ತಾರೆ, ಏನು ತಿನ್ನುತ್ತಾರೆ, ಎಷ್ಟು ಕಲಿತರು ಅನ್ನೋ ಸುದ್ದಿಯನ್ನು ಮಾತ್ರ ನಮ್ಮ ಕೇರಿಗೆ ಯಾರೂ ತರಲಿಲ್ಲ.

ಬಂದ ಸುದ್ದಿ ಒಂದೇ ಥರದ್ದು, ದೂರು. ನಿನ್ನ ಮಗ ಹದಿನೈದು ದಿನದಿಂದ ಬಂದಿಲ್ಲ. ನಿನ್ನ ಮಗಳ ತಲೆ ತುಂಬ ಹೇನು. ನಿನ್ನ ಹುಡುಗ ಕಿಟಕಿ ಗಾಜು ಒಡೆದ. ಇಂಥ ಮಾತು ಕೇಳೋದಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಹೆಗಲ ಟವೆಲ್ಲು ಕೈಗೆ ತಗೊಂಡು ಬಾಗಿಲಾಚೆ ನಿಲ್ಲಬೇಕು. ಹೀಗೆ ನಿಂತು ನಿಂತು ನಮ್ಮಪ್ಪಂದಿರು ಒಂದು ತೀರ್ಮಾನಕ್ಕೆ ಬಂದರು. ಶಾಲೆ ಅಂದರೆ ಅದೂ ಒಂದು ಪೊಲೀಸ್ ಸ್ಟೇಷನ್ನು, ಕರೆಯದೆ ಹೋಗಬಾರದು, ಕರೆದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ. ಆಮೇಲೆ ಅದೇ ಶಾಲೆಯವರು ಅನ್ನುತ್ತಾರೆ, ಈ ಕೇರಿಯವರಿಗೆ ಮಕ್ಕಳ ಓದಿನ ಮೇಲೆ ಆಸಕ್ತಿ ಇಲ್ಲ ಅಂತ.

ಆಸಕ್ತಿ ಇತ್ತೋ ಇಲ್ಲವೋ ಚರಿತ್ರೆ ಹೇಳಲಿ. 1856ರಲ್ಲಿ ನಮ್ಮದೇ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಹೋದ. ಸೇರಿಸಲಿಲ್ಲ. ಅವನು ಸುಮ್ಮನೆ ಮನೆಗೆ ಬರಲಿಲ್ಲ, ಮುಂಬೈ ಸರ್ಕಾರಕ್ಕೆ ಅರ್ಜಿ ಬರೆದ. ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡ ಸರ್ಕಾರವೇ ಅವನಿಗೆ ಬಾಗಿಲು ತೆಗೆಸಲಿಲ್ಲ. ಒಬ್ಬನಿಗಾಗಿ ಉಳಿದವರನ್ನೆಲ್ಲ ಎದುರು ಹಾಕಿಕೊಳ್ಳಲು ಅದು ತಯಾರಿರಲಿಲ್ಲ. ಈ ಪ್ರಕರಣವನ್ನು ಬಾಬಾಸಾಹೇಬರು ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ. ಸಾತಾರದ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆಯಾಗಿ ಕೂತು, ಆ ತಾಟನ್ನು ದಿನಾ ಮನೆಗೆ ಹೊತ್ತುಕೊಂಡು ಹೋದವರು ಅವರು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ಅವರಿಗೆ ನೀರಿಲ್ಲ. ಆದರೆ ಅವರ ಮನೆಯಲ್ಲಿ ಒಂದು ಬಲವಿತ್ತು. ತಂದೆ ರಾಮ್ಜಿ ಸಕ್ಪಾಲರು ಮಿಲಿಟರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಶಾಲೆ ಅಂದರೇನು, ಅಲ್ಲಿ ಏನು ನಡೆಯುತ್ತೆ ಅಂತ ತಿಳಿದ ಒಬ್ಬ ಮನುಷ್ಯ ಮನೆಯಲ್ಲಿದ್ದ. ನಮ್ಮ ಮನೆಗಳಲ್ಲಿ ಅಂಥವರು ಯಾರೂ ಇರಲಿಲ್ಲ. ಈಗ ಇದ್ದಾರೆ. ನೀವು ಇದ್ದೀರಿ. ನಮ್ಮ ಮಾತಿನ ತಿರುಳು ಇಷ್ಟೇ.

ಈಗ ಕಾನೂನು ಏನು ಹೇಳುತ್ತೆ ಕೇಳಿ. 2001ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿ ಶಾಲೆಗೊಂದು ಎಸ್‌ಡಿಎಂಸಿ ರಚಿಸಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಕಲಮು ನೋಡಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮಕ್ಕಳ ಅಪ್ಪ ಅವ್ವಂದಿರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ನಮ್ಮಂಥವರ ಮಕ್ಕಳು ಎಷ್ಟಿದ್ದಾರೋ ಅದಕ್ಕೆ ತಕ್ಕಷ್ಟು ನಮ್ಮವರಿರಬೇಕು. ನಮ್ಮವ್ವನ ಹೆಸರು ಗೋಡೆಗೆ ಏರಿದ್ದು ಪ್ರೀತಿಯಿಂದಲ್ಲ, ಲೆಕ್ಕ ತುಂಬಿಸೋದಕ್ಕೆ. 17ನೇ ಕಲಮು ಮಗುವಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಎನ್ನುತ್ತೆ.

ಇನ್ನು 24ನೇ ಕಲಮು. ಇದನ್ನು ನೀವು ಬಾಯಿಪಾಠ ಮಾಡಬೇಕು. ಮೇಷ್ಟ್ರು ಆಗಾಗ್ಗೆ ತಪ್ಪದೆ ತಂದೆತಾಯಿಯರ ಸಭೆ ಕರೆಯಬೇಕು. ಮಗು ಸರಿಯಾಗಿ ಬರುತ್ತಿದೆಯೇ, ಕಲಿಯುವ ಶಕ್ತಿ ಹೇಗಿದೆ, ಎಲ್ಲಿವರೆಗೆ ಕಲಿತಿದೆ, ಬೇರೆ ಏನು ವಿಷಯ ಇದೆ ಅನ್ನೋದನ್ನೆಲ್ಲ ಅವರಿಗೆ ತಿಳಿಸಬೇಕು. ತಿಳಿಸಿದರೆ ಒಳ್ಳೇದು ಅಂತಲ್ಲ, ತಿಳಿಸೋದು ಅವರ ಕರ್ತವ್ಯ ಅಂತ ಬರೆದಿದೆ. ಅಂದರೆ ನಮ್ಮಪ್ಪ ಟವೆಲ್ಲು ಕೈಯಲ್ಲಿ ಹಿಡಿದು ಬಾಗಿಲಾಚೆ ನಿಲ್ಲಬೇಕಾಗಿಲ್ಲ. ಒಳಗೆ ಹೋಗಿ ಕೂತು ಕೇಳಬಹುದು.

ಎಲ್ಲ ಮೇಷ್ಟ್ರುಗಳೂ ಒಂದೇ ಅಂತ ನಾವು ಹೇಳಿದರೆ ಅದು ಸುಳ್ಳಾಗುತ್ತೆ. ನಾವು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಬ್ಬ ಮೇಷ್ಟ್ರು ಕೇರಿಯೊಳಕ್ಕೆ ನಡೆದುಕೊಂಡು ಬಂದರು. ನಮ್ಮ ಜಗಲಿ ಮೇಲೆ ಕೂತರು. ಅವ್ವ ಕೊಡಲೋ ಬೇಡವೋ ಅಂತ ನಿಂತಿದ್ದಾಗ ತಾವೇ ಕೇಳಿ ನೀರು ಕುಡಿದರು. 'ನಿಮ್ಮ ಹುಡುಗ ಚೆನ್ನಾಗಿ ಓದ್ತಾನಮ್ಮ, ಬಿಡಿಸಬೇಡಿ' ಅಂದರು. ಇಷ್ಟೇ ಮಾತು. ಆ ವರ್ಷ ನಮ್ಮನ್ನು ಕುರಿ ಕಾಯಲು ಬಿಡಬೇಕು ಅಂತ ಮನೆಯಲ್ಲಿ ಮಾತಾಗಿತ್ತು. ಆ ಮಾತು ಅಲ್ಲಿಗೇ ನಿಂತಿತು. ನಾವು ಇವತ್ತು ಬಿ.ಎ. ಮುಗಿಸಿ ನಿಮ್ಮ ಮುಂದೆ ನಿಂತಿರೋದು ಆ ಒಂದು ಸುದ್ದಿಯಿಂದ. ಶಾಲೆಯಿಂದ ನಮ್ಮ ಮನೆಗೆ ಬಂದ ಮೊದಲನೇ ಒಳ್ಳೇ ಸುದ್ದಿ ಅದು.

ಈಗ ಕಾಲ ಬದಲಾಗಿದೆ, ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ, ಎಲ್ಲ ಅದರಲ್ಲೇ ಹಾಕುತ್ತೇವೆ ಅನ್ನುವ ಶಾಲೆಗಳಿವೆ. ಒಳ್ಳೇದೇ. ಆದರೆ ನಮ್ಮವ್ವನ ಕೈಯಲ್ಲಿರೋದು ಗುಂಡಿ ಒತ್ತುವ ಫೋನು. ದೊಡ್ಡ ಫೋನು ಅಣ್ಣನ ಜೇಬಿನಲ್ಲಿ, ಅಣ್ಣ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ. ಅವನ ಮಗಳ ಶಾಲೆಯ ನೋಟೀಸು ಬೆಂಗಳೂರಿನ ಕಟ್ಟಡದ ನಾಲ್ಕನೇ ಮಹಡಿಗೆ ಹೋಗುತ್ತೆ. ಮಗು ಊರಲ್ಲಿ, ಸುದ್ದಿ ಊರಾಚೆ. ಆಗ ಹೆಬ್ಬೆಟ್ಟು ಒತ್ತಿಸಿಕೊಂಡು ಹೇಳಲಿಲ್ಲ, ಈಗ ಹೇಳಿದರೂ ಕೇಳಿಸಲ್ಲ.

ಓದಲು ಬಾರದವರಿಗೆ ಏನು ತಿಳಿಸೋದು ಅಂತ ಕೇಳುತ್ತಾರೆ. ಇದೂ ಸುಳ್ಳು ನೆಪ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ ಕಲಿ ಶುರುವಾಯಿತು, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆ ಕೊಠಡಿಗೆ ಹೋಗಿ ನೋಡಿ. ಕಲಿಕೆಯ ಮೆಟ್ಟಿಲುಗಳ ಪಟ ಇರುತ್ತೆ, ಮೆಟ್ಟಿಲಿಗೆ ಚಿತ್ರದ ಗುರುತು ಇರುತ್ತೆ. ಮಗು ಎಲ್ಲಿವರೆಗೆ ಹತ್ತಿದೆ ಅಂತ ಬೆರಳಿಟ್ಟು ತೋರಿಸಬಹುದು. ರಾಗಿ ಹೊಲ ನೋಡಿ ಎಷ್ಟು ಪಲ್ಲ ಆಗುತ್ತೆ ಅಂತ ಹೇಳುವ ನಮ್ಮವ್ವನಿಗೆ ಒಂದು ಏಣಿ ಓದಲು ಬರುವುದಿಲ್ಲವೇ? ಯಾರೂ ತೋರಿಸಿಲ್ಲ, ಅಷ್ಟೆ. ಸಮುದಾಯದತ್ತ ಶಾಲೆ ಅಂತ ಕಾರ್ಯಕ್ರಮ ಇದೆ, ಮಕ್ಕಳ ಕಲಿಕೆಯನ್ನು ತಂದೆತಾಯಿಯರ ಮುಂದೆ ಇಡೋದಕ್ಕೇ ಮಾಡಿದ್ದು. ಅದು ಕೂಲಿ ಹೊತ್ತಿನಲ್ಲಿ ನಡೆದರೆ ನಮ್ಮ ಕೇರಿಯಿಂದ ಯಾರು ಬರುತ್ತಾರೆ?

ಹಾಗಾದರೆ ನಾವು ಏನು ಮಾಡಬೇಕು? ದಸರಾ ರಜೆಗೆ, ಯುಗಾದಿಗೆ ನೀವು ಊರಿಗೆ ಹೋಗುತ್ತೀರಿ. ಒಂದು ಸಾಯಂಕಾಲ, ಉಂಡ ಮೇಲೆ, ಅಂಬೇಡ್ಕರ್ ಭವನದ ಮುಂದೋ ಬೀದಿ ದೀಪದ ಕೆಳಗೋ ಕೇರಿಯವರನ್ನು ಕೂರಿಸಿ. ಭಾಷಣ ಬೇಡ. ಐದು ಸಂಗತಿ ಹೇಳಿ.

ಒಂದು, ಶಾಲೆಗೆ ಹೋಗುವ ನಮ್ಮ ಮಕ್ಕಳು ಎಷ್ಟು, ಯಾರು ಬಿಟ್ಟಿದ್ದಾರೆ, ಯಾರು ಬಿಡುವ ಹಾಗಿದ್ದಾರೆ.

ಎರಡು, ಊಟ. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶ ಮಾಡಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು 2004ರಲ್ಲಿ ಮತ್ತೆ ಹೇಳಿತು. ನಮ್ಮೂರ ಶಾಲೆಯಲ್ಲಿ ಒಲೆ ಮುಂದೆ ಯಾರಿದ್ದಾರೆ, ಮಕ್ಕಳು ಯಾವ ಸಾಲಿನಲ್ಲಿ ಕೂರುತ್ತಾರೆ, ಇದನ್ನು ಮಕ್ಕಳ ಬಾಯಿಂದಲೇ ಕೇಳಿ. ಗದರಿಸಬೇಡಿ, ಮೆತ್ತಗೆ ಕೇಳಿ.

ಮೂರು, ರಿಜಿಸ್ಟರಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಜಾತಿಯ ಹೆಸರು ಹೇಗೆ ಬರೆದಿದ್ದಾರೆ. ಅಲ್ಲಿ ತಪ್ಪಿದ ಒಂದು ಅಕ್ಷರಕ್ಕೆ ಆಮೇಲೆ ಎಷ್ಟು ಆಫೀಸು ಸುತ್ತಬೇಕು ಅಂತ ನಿಮಗೇ ಗೊತ್ತು.

ನಾಲ್ಕು, ವಿದ್ಯಾರ್ಥಿವೇತನ. ಅರ್ಜಿ ಹೋಗಿದೆಯೇ, ಯಾವ ಬ್ಯಾಂಕ್ ಖಾತೆಗೆ, ಬಂದಿದೆಯೇ.

ಐದು, ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ, ಅವರಿಗೆ ಅದು ಗೊತ್ತಿದೆಯೇ. ಸಭೆಯ ಪುಸ್ತಕ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಹತ್ತು ರೂಪಾಯಿ ಅರ್ಜಿ. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಕಿಲ್ಲ.

ಒಂದು ಎಚ್ಚರಿಕೆ. ಕೇಳಲು ಒಬ್ಬರೇ ಹೋಗಬೇಡಿ, ಒಬ್ಬರನ್ನೇ ಕಳಿಸಲೂ ಬೇಡಿ. ಇವತ್ತು ಶಾಲೆಯಲ್ಲಿ ಪ್ರಶ್ನೆ ಕೇಳಿದವನಿಗೆ ನಾಳೆ ಹೊಲದಲ್ಲಿ ಕೂಲಿ ಇಲ್ಲ ಅನ್ನುವ ಊರುಗಳು ಇನ್ನೂ ಇವೆ. ಐದು ಜನ ಹೋಗಿ. ಅದರಲ್ಲಿ ಮೂರು ಜನ ಹೆಂಗಸರಿರಲಿ.

ಇನ್ನೊಂದು ಮಾತು, ಇದು ನಮಗೇ ಹೇಳಿಕೊಳ್ಳೋದು. ಹಾಸ್ಟೆಲಿನಿಂದ ಊರಿಗೆ ಹೋದಾಗ ನಾವು ಏನು ಮಾಡುತ್ತೇವೆ? ಪ್ಯಾಂಟು ಹಾಕಿಕೊಂಡು ಬಸ್ ಸ್ಟಾಂಡಿನಲ್ಲಿ ನಿಲ್ಲುತ್ತೇವೆ. ಅಪ್ಪನ ಜೊತೆ ಜಗಲಿ ಮೇಲೆ ಕೂರಲು ನಾಚಿಕೆ. ಅವ್ವ ಒಂದು ಕಾಗದ ತಂದು 'ಇದೇನು ನೋಡಪ್ಪ' ಅಂದರೆ, 'ನಿಂಗರ್ಥ ಆಗಲ್ಲ ಬಿಡು' ಅನ್ನುತ್ತೇವೆ. ಆ ಹೆಡ್ ಮೇಷ್ಟ್ರು ಅಂದದ್ದೂ ಇದೇ ಮಾತಲ್ಲವೇ? ನಾವು ಇನ್ನೊಬ್ಬ ಹೆಡ್ ಮೇಷ್ಟ್ರಾಗಲು ಓದಲಿಲ್ಲ. ಅವ್ವನ ಪಕ್ಕ ನೆಲದ ಮೇಲೆ ಕೂತು, ಅವಳ ಮಾತಿನಲ್ಲಿ, ಅವಳು ಎರಡು ಸಲ ಕೇಳಿದರೆ ಎರಡು ಸಲ, ನಾಲ್ಕು ಸಲ ಕೇಳಿದರೆ ನಾಲ್ಕು ಸಲ ಓದಿ ಹೇಳಬೇಕು. ಕೇರಿಗೆ ಮುಟ್ಟದ ಓದು ನಮಗೆ ನೌಕರಿ ಕೊಡಬಹುದು, ನಮ್ಮ ತಂಗಿಯರನ್ನು ಆ ಬೇರೆ ಸಾಲಿನಿಂದ ಎಬ್ಬಿಸಲಾರದು.

ಮುಗಿಸುತ್ತೇವೆ. ಕಳೆದ ವರ್ಷ ನಮ್ಮಣ್ಣನ ಮಗಳ ಶಾಲೆಯಲ್ಲಿ ಸಭೆ ಇತ್ತು. ನಮ್ಮವ್ವ ಈಗ ಸಮಿತಿಯಲ್ಲಿಲ್ಲ. ಆದರೂ ಕೇರಿಯ ನಾಲ್ಕು ಜನ ಹೆಂಗಸರ ಜೊತೆ ಹೋದಳು. ಸದಸ್ಯೆಯಾದ ಹೆಂಗಸಿನ ಮುಂದೆ ಪುಸ್ತಕ ಇಟ್ಟು ಹೆಬ್ಬೆಟ್ಟಿಗೆ ಮಸಿ ಡಬ್ಬಿ ಚಾಚಿದಾಗ ಅವ್ವ ಅಡ್ಡ ಕೈ ಇಟ್ಟು, 'ಸ್ವಾಮಿ, ಇದ್ರಾಗೆ ಏನು ಬರ್ದಿದ್ದೀರಾ, ಮೊದ್ಲು ಓದಿ ಹೇಳ್ಬಿಡಿ' ಅಂದಳಂತೆ. ಮೇಷ್ಟ್ರು ಒಂದು ಗಳಿಗೆ ಮುಖ ನೋಡಿದರಂತೆ. ಆಮೇಲೆ ಓದಿದರು. ನೀರಿನ ಟ್ಯಾಂಕು, ಶೌಚಾಲಯದ ಬಾಗಿಲು, ಊಟದ ಲೆಕ್ಕ, ಎಲ್ಲ ಓದಿದರು. ಹತ್ತು ನಿಮಿಷ ಹಿಡಿಯಿತಂತೆ.

ಹತ್ತು ನಿಮಿಷ ಗೆಳೆಯರೇ. ನಮಗೆ ಕೊಡದೆ ಇಷ್ಟು ವರ್ಷ ಇಟ್ಟುಕೊಂಡಿದ್ದು ಆ ಹತ್ತು ನಿಮಿಷವನ್ನು. ಈ ರಜೆಯಲ್ಲಿ ಊರಿಗೆ ಹೋಗಿ ಅದನ್ನು ಕೇಳಿ ಪಡೆಯಿರಿ.

ಜೈ ಭೀಮ್.