ಹಾಲ್ ಯಾರಿಗಾಗಿ?



ಪುಣೆಯ ಕೋಥರೂಡಿನಲ್ಲಿ ಫ್ಲ್ಯಾಟ್ ಕೊಂಡಾಗ, ಹಾಲ್ ಮ್ಯಾಗಝಿನ್ ಚಿತ್ರದಂತಿರಬೇಕೆಂದು ಹಟ ಹಿಡಿದಿದ್ದೆ. ತಗ್ಗಾದ ಮೆತ್ತನೆಯ ಸೋಫಾ, ನಡುವೆ ಗಾಜಿನ ಟೀಪಾಯಿ. ಬಂದವರೆಲ್ಲ ಹೊಗಳಿದರು. ಧಾರವಾಡದಿಂದ ಬಂದ ಅವ್ವ ಮಾತ್ರ ಹದಿನೈದು ದಿನವೂ ಅಡುಗೆಮನೆಯ ಸ್ಟೂಲಿನ ಮೇಲೆಯೇ ಕೂತಳು. ಕೇಳಿದರೆ, “ಅದರಾಗ ಕೂತ್ರ ಏಳಾಕ ಬರಂಗಿಲ್ಲ ತಂಗಿ” ಎಂದಳು. ಮೊಣಕಾಲು ನೋವಿನ ಅವ್ವನಿಗೆ ನನ್ನ ಚೆಂದದ ಹಾಲಿನಲ್ಲಿ ಜಾಗವೇ ಇರಲಿಲ್ಲ!

ಆಮೇಲೆ ಬದಲಿಸಿದೆ. ಸುಮಾರು 18 ಇಂಚು ಎತ್ತರದ, ಕೈಯೂರಿ ಏಳಲು ತೋಳಿರುವ ಗಟ್ಟಿ ಸೋಫಾ ಬಂತು. ಟೀಪಾಯಿ ಹೋಗಿ ಓಡಾಡಲು ದಾರಿಯಾಯಿತು. ಕಣ್ಣು ಕುಕ್ಕುವ ಬಿಳಿ ದೀಪದ ಬದಲು ಮೂಲೆಯಲ್ಲಿ ಹಳದಿ ದೀಪ.

ಅಂದಕ್ಕೆ? ಟ್ರಂಕಿನಲ್ಲಿ ಮಡಚಿಟ್ಟಿದ್ದ ನವಲಗುಂದದ ಜಮಖಾನೆ. ಅಲ್ಲಿ ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕೂತು ನೇಯುವ ಹತ್ತಿಯ ಜಮಖಾನೆ. ಅದರ ಮೇಲೆ ನವಿಲಿನ ಚಿತ್ತಾರ. ನೆಲಕ್ಕೆ ಹಾಸಿದರೆ ಅವ್ವ ಜಾರಿಯಾಳೆಂದು ಗೋಡೆಗೆ ತೂಗಿಹಾಕಿದೆ. ಅದರ ಕೆಂಪು, ಹಳದಿಯನ್ನೇ ಕುಶನ್‌ಗಳಿಗೂ ಆರಿಸಿದೆ. ಉಳಿದದ್ದೆಲ್ಲ ಸಾದಾ.

ದೀಪಾವಳಿಗೆ ಬಂದ ಅವ್ವ ಹಾಲಿನಲ್ಲೇ ಕೂತು ಮೆಂತ್ಯೆ ಪಲ್ಯ ಸೋಸಿದಳು. ಈಗಲೂ ಬಂದವರು ಹೊಗಳುತ್ತಾರೆ, ಆದರೆ ಸ್ವಲ್ಪ ಹೆಚ್ಚು ಹೊತ್ತು ಕೂತು.

ಸಖಿಯರೇ, ಸೋಫಾ ಕೊಳ್ಳುವ ಮುನ್ನ ಮನೆಯ ಹಿರಿಯರನ್ನೂ ಅಂಗಡಿಗೆ ಕರೆದೊಯ್ಯಿರಿ. ಕೂತು, ಎದ್ದು ನೋಡಲಿ.