ಮೊಬೈಲ್ ಬಿಲ್ಲನ್ನು ಓದುವ ಬಗೆ



ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಎಸ್‌ಟಿಡಿ ಸಂಕೇತಗಳು ಒಂದರ ಹಿಂದೆ ಒಂದು ಬರುತ್ತವೆ. ಶಿರಾ 08135, ಪಾವಗಡ 08136, ಮಧುಗಿರಿ 08137, ಕೊರಟಗೆರೆ 08138. ನಿಮ್ಮ ತಂದೆತಾಯಿಯರನ್ನು ಕೇಳಿ, ಬಾಯಿಪಾಠವಾಗಿ ಹೇಳಿಯಾರು. ಆಗ ಹಳದಿ ಫಲಕದ ಬೂತಿನೊಳಗೆ ನಿಂತು ಮಾತನಾಡುವವರ ಕಣ್ಣೆದುರಿಗೇ ಕೆಂಪು ಅಂಕಿಗಳು ಓಡುತ್ತಿದ್ದವು. ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇದ್ದವನು ಹದಿನೆಂಟಕ್ಕೆ ಮಾತು ಮುಗಿಸಿ ಹೊರಗೆ ಬರುತ್ತಿದ್ದ. ಮೊಬೈಲ್ ಬಂದ ಮೇಲೆ ಆ ಮೀಟರು ನಿಂತುಹೋಗಲಿಲ್ಲ. ಕಣ್ಣಿಗೆ ಮರೆಯಾಯಿತು, ಅಷ್ಟೆ. ತಿಂಗಳ ಕೊನೆಯಲ್ಲಿ ಮನೆಮಂದಿಯನ್ನೆಲ್ಲ ಬೆಚ್ಚಿಬೀಳಿಸುವ ಬಿಲ್ಲಿನ ಮೂಲ ಇಲ್ಲಿದೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಆಗ ಕರೆ ಮಾಡಿದವರೂ ಹಣ ಕೊಡಬೇಕಿತ್ತು, ಸ್ವೀಕರಿಸಿದವರೂ ಕೊಡಬೇಕಿತ್ತು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಅಲ್ಲಿಂದ 'ಬಂದ ಕರೆಗೆ ಕಾಸಿಲ್ಲ' ಎಂಬ ಮಾತು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತು. ಆದರೆ ಆ ಮಾತಿಗೆ ಒಂದು ಷರತ್ತಿತ್ತು. ಅದನ್ನು ತಿಳಿಯಲು ಪಾವಗಡಕ್ಕೆ ಹೋಗಬೇಕು.

ನಕ್ಷೆಯನ್ನು ತೆಗೆದು ನೋಡಿ. ಪಾವಗಡ ಕರ್ನಾಟಕದ್ದೇ ತಾಲ್ಲೂಕು, ಆದರೆ ಅದರ ಬಹುಪಾಲು ಗಡಿ ಆಂಧ್ರದೊಂದಿಗೆ. ಜಿಲ್ಲೆಯ ಉಳಿದ ಭಾಗಕ್ಕೂ ಅದಕ್ಕೂ ನಡುವೆ ಮಡಕಶಿರಾ ಸೀಮೆ ಬಂದು ಕುಳಿತಿದೆ. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರೇಡಿಯೋ ಅಲೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಗೊತ್ತಿರುವುದು ದೂರ, ಎತ್ತರ ಮತ್ತು ಅಡ್ಡ ನಿಂತ ಬೆಟ್ಟ. ಗಡಿಯೆಂಬುದು ದೂರಸಂಪರ್ಕ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದೆ. ಒಂದೇ ಬಿಎಸ್‌ಎನ್‌ಎಲ್ ಆದರೂ ಕರ್ನಾಟಕದ ಜಾಲ ತನ್ನನ್ನು 404-71 ಎಂದು ಕರೆದುಕೊಳ್ಳುತ್ತದೆ, ಆಂಧ್ರದ ಜಾಲ 404-73 ಎನ್ನುತ್ತದೆ. ಪ್ರತಿ ಗೋಪುರವೂ ಈ ಸಂಖ್ಯೆಯನ್ನು ಬಿಡುವಿಲ್ಲದೆ ಸಾರುತ್ತಿರುತ್ತದೆ. ನಿಮ್ಮ ಫೋನು ತನ್ನ ಮನೆಯ ಸಂಖ್ಯೆಯನ್ನೇ ಹುಡುಕುತ್ತದೆ. ಅದು ಸಿಗದಿದ್ದಾಗ ನೆರೆಮನೆಯ ಗೋಪುರವನ್ನು ಹಿಡಿಯುತ್ತದೆ. ಮತ್ತೆ ಮನೆಯ ಗೋಪುರ ಸಿಕ್ಕರೂ ತಕ್ಷಣ ಮರಳುವುದಿಲ್ಲ. ಆಗಾಗ ಹುಡುಕುವ ಸರದಿ ಬಂದಾಗ ಮಾತ್ರ ಮರಳುತ್ತದೆ. ನೀವು ಮನೆಯ ಜಗಲಿಯ ಮೇಲೆಯೇ ಕುಳಿತಿದ್ದರೂ ಲೆಕ್ಕದ ಪುಸ್ತಕದಲ್ಲಿ ಪರಊರಿನಲ್ಲಿರಬಹುದು. ಇದಕ್ಕೆ ರೋಮಿಂಗ್ ಎಂದು ಹೆಸರು. ಆಂಧ್ರದ ಗಡಿಯೇ ಇಲ್ಲದ ಕೊರಟಗೆರೆಯ ಹುಡುಗನಿಗೆ ಈ ಕಾಟವಿರಲಿಲ್ಲ.

ಒಂದು ಲೆಕ್ಕ ಹಾಕೋಣ. 2012ನೆಯ ಇಸವಿ, ಗಡಿಯಂಚಿನ ಹಳ್ಳಿಯೊಂದರ ಪಿಯುಸಿ ಹುಡುಗ ಎಂದು ಇಟ್ಟುಕೊಳ್ಳಿ. ತಂದೆಯ ಹೆಸರಿನಲ್ಲಿ ಪೋಸ್ಟ್‌ಪೇಯ್ಡ್ ಸಂಪರ್ಕವಿದೆ. ಅಂದು ರೋಮಿಂಗ್‌ನಲ್ಲಿ ಒಳಬರುವ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆಯವರೆಗೆ, ಹೊರಹೋಗುವ ಎಸ್‌ಟಿಡಿ ಕರೆಗೆ 2 ರೂಪಾಯಿ 40 ಪೈಸೆಯವರೆಗೆ ವಿಧಿಸಬಹುದಿತ್ತು. ಮಧುಗಿರಿಯ ಗೆಳೆಯ ರಾತ್ರಿ ಕರೆ ಮಾಡುತ್ತಾನೆ. 'ಅವನದು ತಾನೇ ಕರೆ' ಎಂದು ನಮ್ಮ ಹುಡುಗ ದಿನಕ್ಕೆ 45 ನಿಮಿಷದಂತೆ ಹತ್ತು ದಿನ ಮಾತನಾಡುತ್ತಾನೆ. 450 ನಿಮಿಷಕ್ಕೆ 787 ರೂಪಾಯಿ 50 ಪೈಸೆ. ತಾನಾಗಿ ಮಾಡಿದ 200 ನಿಮಿಷಕ್ಕೆ 480. ಇಷ್ಟಾದರೆ ಮನೆಯವರು ಗೊಣಗಿ ಸುಮ್ಮನಾದಾರು. ಇಂಟರ್‌ನೆಟ್ ಲೆಕ್ಕ ನೋಡಿ. ಪ್ಯಾಕ್ ಇಲ್ಲದವರಿಗೆ ಆಗ ಸಾಮಾನ್ಯವಾಗಿದ್ದ ದರ 10 ಕಿಲೋಬೈಟ್‌ಗೆ 10 ಪೈಸೆ. ಹತ್ತು ಪೈಸೆ ಎಂದರೆ ಯಾರು ಹೆದರುತ್ತಾರೆ? ಆದರೆ ಒಂದು ಮೆಗಾಬೈಟ್ ಎಂದರೆ 1024 ಕಿಲೋಬೈಟ್; ಅಂದರೆ 10 ರೂಪಾಯಿ 24 ಪೈಸೆ. ಐದು ಮೆಗಾಬೈಟಿನ ಒಂದು ಹಾಡಿಗೆ 51 ರೂಪಾಯಿ. ತಿಂಗಳಿಗೆ 200 ಮೆಗಾಬೈಟ್ ಬಳಸಿದರೆ 2,048. ಪೂರ್ತಿ ಒಂದು ಗಿಗಾಬೈಟ್ ಬಳಸಿದ್ದರೆ 10,485 ರೂಪಾಯಿ! ಇಂದು ನೀವು ಅಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೀರಿ. ಈ ಹುಡುಗನ ಬಿಲ್ಲು ತೆರಿಗೆಗೆ ಮುಂಚೆಯೇ 3,300 ದಾಟಿತು. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷದಲ್ಲಿ ಆ ಮನೆಗೆ ಅದು ಚಿಕ್ಕ ಮೊತ್ತವಲ್ಲ.

ಅಪ್ಪ ಕೇಳುವ ಮೊದಲ ಪ್ರಶ್ನೆ: 'ಯಾರ ಜೊತೆ ಮಾತಾಡಿದೆ?' ಬಿಲ್ಲು ಕೇಳುವ ಪ್ರಶ್ನೆಯೇ ಬೇರೆ: 'ಎಲ್ಲಿದ್ದಾಗ, ಯಾವ ದರದಲ್ಲಿ?' ಮೊದಲ ಪ್ರಶ್ನೆಯಿಂದ ಜಗಳ ಹುಟ್ಟುತ್ತದೆ, ಎರಡನೆಯದರಿಂದ ಕಾರಣ ಸಿಗುತ್ತದೆ. ಹೆಣ್ಣುಮಗಳ ಕೈಯಲ್ಲಿ ಫೋನಿದ್ದ ಮನೆಯಲ್ಲಂತೂ ಜಗಳ ಫೋನಿಗೆ ನಿಲ್ಲುವುದಿಲ್ಲ, ಎಷ್ಟೋ ಸಲ ಕಾಲೇಜಿನವರೆಗೂ ಹೋಗುತ್ತದೆ. ರೋಮಿಂಗ್ ಶುಲ್ಕವನ್ನು ಯಾರೋ ಹುಡುಗನ ಜೊತೆಗಿನ ಹರಟೆಯೆಂದು ಓದಿದರೆ ನಷ್ಟವಾಗುವುದು ಆ ಮಗಳ ಓದಿಗೆ. ಆದ್ದರಿಂದ ಮೊತ್ತ ಕಂಡೊಡನೆ ಕೊನೆಯ ಸಾಲನ್ನು ಬಿಟ್ಟು ವಿವರದ ಪುಟಗಳನ್ನು ತೆರೆಯಿರಿ. ಬಾಡಿಗೆ, ಕರೆ, ಸಂದೇಶ, ಇಂಟರ್‌ನೆಟ್, ರೋಮಿಂಗ್, ಮೌಲ್ಯವರ್ಧಿತ ಸೇವೆ ಎಂದು ಬೇರೆ ಬೇರೆ ಗುಂಪು ಮಾಡಿ ಕೂಡಿ. ಗಣಿತದ ಮೇಷ್ಟ್ರು ಕೊಡುವ ಲೆಕ್ಕಕ್ಕಿಂತ ಇದು ಸುಲಭ. ಪ್ರೀಪೇಯ್ಡ್ ಆದರೂ ವಿವರ ಕೇಳಬಹುದು. 2012ರ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ 50 ರೂಪಾಯಿ ಮೀರದ ಶುಲ್ಕಕ್ಕೆ ಕಂಪನಿ ಅದನ್ನು ಒದಗಿಸಬೇಕು.

ಕೇಳದೆ ಅಂಟಿಕೊಂಡ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ ಇದ್ದರೆ ಬಿಡಬೇಡಿ. ಗ್ರಾಹಕರು ಎರಡೆರಡು ಬಾರಿ ಒಪ್ಪದೆ ಇಂಥ ಸೇವೆ ಆರಂಭಿಸಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2011 ಮತ್ತು 2013ರಲ್ಲಿ ಆದೇಶಿಸಿತು. ರೋಮಿಂಗ್ ದರಗಳೂ 2013ರಲ್ಲಿ, ಮತ್ತೆ 2015ರಲ್ಲಿ ಇಳಿದವು. ಒಳಬರುವ ಕರೆಗೆ 45 ಪೈಸೆಯ ಮಿತಿ ಬಂತು. 2016ರ ನಂತರದ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಹೆಚ್ಚಿನ ಯೋಜನೆಗಳಲ್ಲಿ ಸದ್ದಿಲ್ಲದೆ ಮಾಯವಾಯಿತು. ಪಾವಗಡದ ಜಗಲಿಗೆ ಅಷ್ಟರಮಟ್ಟಿಗೆ ಬಿಡುಗಡೆ.

ಹಾಗಾದರೆ ಈಗ ಚಿಂತೆಯಿಲ್ಲವೇ? ಇದೆ, ಅದು ಜಾಗ ಬದಲಿಸಿದೆ. ಆಟದ ಆಪ್‌ನಲ್ಲಿ ಕತ್ತಿ, ಉಡುಪು, ನಾಣ್ಯ ಕೊಂಡದ್ದು ಕೆಲವು ಪೋಸ್ಟ್‌ಪೇಯ್ಡ್ ಸಂಪರ್ಕಗಳಲ್ಲಿ ಮೊಬೈಲ್ ಬಿಲ್ಲಿಗೇ ಸೇರುತ್ತದೆ. ಇಲ್ಲವೆಂದರೆ ಅಮ್ಮನ ಯುಪಿಐ ಖಾತೆಯಿಂದ ಹೋಗುತ್ತದೆ. 'ಮೊದಲ ತಿಂಗಳು ಒಂದೇ ರೂಪಾಯಿ' ಎಂಬ ಚಂದಾಗಳು ಎರಡನೆಯ ತಿಂಗಳಿಂದ ಪೂರ್ತಿ ದರ ಎಳೆಯುತ್ತವೆ. ತಾನಾಗಿ ಕಡಿತವಾಗುವ ಇಂಥ ಹಣಕ್ಕೆ 24 ಗಂಟೆ ಮುಂಚೆ ಸೂಚನೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸೂಚನೆ ಬರುವುದು ಅಮ್ಮನ ಫೋನಿಗೆ. ನೂರು ಸಂದೇಶಗಳ ನಡುವೆ ಅದನ್ನು ಓದುವವರು ಯಾರು? ನೀವೇ ಓದಿ ಹೇಳಬೇಕು. ಆಪ್ ಅಂಗಡಿಯಲ್ಲಿ ತಪ್ಪಾಗಿ ಕೊಂಡದ್ದನ್ನು 48 ಗಂಟೆಯೊಳಗೆ ಕೇಳಿದರೆ ಮರಳಿ ಸಿಗುವ ಸಂಭವ ಹೆಚ್ಚು. ಅಂದರೆ ಅಂಜಿಕೊಂಡು ಮುಚ್ಚಿಟ್ಟ ಮೊದಲ ಎರಡು ದಿನಗಳೇ ಅತ್ಯಂತ ದುಬಾರಿ.

ಮುಚ್ಚಿಡುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಬಿಲ್ಲು ತೀರಿಸಲು ಗೆಳೆಯನ ಬಳಿ ಸಾಲ, ಆ ಸಾಲ ತೀರಿಸಲು ಸಾಲದ ಆಪ್, ಅಲ್ಲಿಂದ ಬೆದರಿಕೆಯ ಕರೆ. ಮೂರು ಸಾವಿರಕ್ಕೆ ಮನೆ ಬಿಟ್ಟು ಹೋಗುವ ಯೋಚನೆ ಬಂದರೆ ಅದು ಹಣದ ಪ್ರಶ್ನೆಯಾಗಿ ಉಳಿದಿಲ್ಲ ಎಂದರ್ಥ. ಮನೆಯಲ್ಲಿ ಹೇಳಲು ನಾಲಿಗೆ ಏಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ; ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು. ಹಣ ವಂಚನೆಯಿಂದ ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಬೇಕು.

ಮಕ್ಕಳ ಜೊತೆ ಕುಳಿತು ಇದನ್ನು ಓದುತ್ತಿರುವ ತಂದೆತಾಯಿಯರಿಗೂ ಒಂದು ಮಾತು. ಸಿಮ್ ನಿಮ್ಮ ಹೆಸರಿನಲ್ಲಿದೆ. ಹದಿನೆಂಟು ತುಂಬದವರಿಗೆ ಅದನ್ನು ಕೊಡುವುದಿಲ್ಲ. ಆದ್ದರಿಂದ ದೂರು ಕೊಡಬೇಕಾದವರೂ ನೀವೇ. ಮಗನನ್ನು ಬಯ್ಯುವುದಿದ್ದರೆ ಆಮೇಲೆ ಬಯ್ಯಿರಿ, ಮೊದಲು ಇಬ್ಬರೂ ಕೂಡಿ ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು; ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರವಾಣಿ ವಿವಾದಗಳನ್ನು ಗ್ರಾಹಕ ಆಯೋಗ ಕೇಳಬಹುದೇ ಎಂಬ ಬಹುಕಾಲದ ಅನುಮಾನವನ್ನು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಪರಿಹರಿಸಿತು: ಕೇಳಬಹುದು. ಐದು ಲಕ್ಷದೊಳಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಕನ್ನಡದಲ್ಲಿ, ಬಿಳಿ ಹಾಳೆಯಲ್ಲಿ, ಬಿಲ್ಲಿನ ಪ್ರತಿ ಮತ್ತು ದೂರಿನ ಸಂಖ್ಯೆಯನ್ನು ಲಗತ್ತಿಸಿ ಬರೆಯಬಹುದು. ಆ ಅರ್ಜಿಯ ಅಕ್ಷರ ಮನೆಯ ಕಾಲೇಜು ಹುಡುಗಿಯದ್ದೋ ಹುಡುಗನದ್ದೋ ಆಗಿದ್ದರೆ ಆಯೋಗದ ಅಭ್ಯಂತರವೇನೂ ಇರುವುದಿಲ್ಲ. ಸಹಿ ಮಾತ್ರ ಸಿಮ್ ಯಾರ ಹೆಸರಿನಲ್ಲಿದೆಯೋ ಅವರದ್ದಿರಲಿ.